ವೈಮಾನಿಕ ವೃತ್ತಿಯ ಹಾದಿ

1932ನೆಯ ಇಸವಿ ಅಕ್ಟೋಬರ್ 15ರಂದು ಕರಾಚಿಯಿಂದ ಒಂದು ಪುಟ್ಟ ವಿಮಾನ ಹೊರಟಿತು. ಅದರಲ್ಲಿ ಪ್ರಯಾಣಿಕರಿರಲಿಲ್ಲ, ಸುಮಾರು 25 ಕಿಲೋಗ್ರಾಂ ತೂಕದ ಅಂಚೆಯಿತ್ತು. ಅದನ್ನು ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಹಾರಿಸಿಕೊಂಡು ಬಂದವರು ಜೆ. ಆರ್. ಡಿ. ಟಾಟಾ. ಮುಂಬಯಿಯಿಂದ ಅಂಚೆಯನ್ನು ಮುಂದಕ್ಕೆ ಒಯ್ದ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು ನಮ್ಮ ಬಳ್ಳಾರಿಯಲ್ಲಿ ಇಳಿದು, ರಾತ್ರಿ ತಂಗಿ, ಮರುದಿನ ಮದರಾಸನ್ನು ತಲುಪಿದರು. ಮುಂದೆ ಏರ್ ಇಂಡಿಯಾ ಎಂದು ಹೆಸರಾದ ಸಂಸ್ಥೆಯ ಚರಿತ್ರೆಯ ಮೊದಲ ದಿನದಲ್ಲಿಯೇ ಕನ್ನಡನಾಡಿನ ಊರೊಂದು ಹೀಗೆ ಸೇರಿಕೊಂಡಿದೆ.

ಟಾಟಾ ಅವರು 1929ರ ಫೆಬ್ರವರಿಯಲ್ಲಿಯೇ ಹಾರಾಟದ ಪರವಾನಗಿಯನ್ನು ಪಡೆದಿದ್ದರು. ಭಾರತದಲ್ಲಿ ನೀಡಲಾದ ಪರವಾನಗಿಗಳಲ್ಲಿ ಅದೇ ಮೊದಲನೆಯದು. ಆ ಕಾಲದಲ್ಲಿ ವಿಮಾನ ನಡೆಸುವುದೆಂದರೆ ಅನುಕೂಲಸ್ಥರಾದ ಕೆಲವೇ ಸಾಹಸಿಗಳ ಹವ್ಯಾಸವಾಗಿತ್ತು. ಇಂದು ಅದು ಸಾವಿರಾರು ತರುಣ ತರುಣಿಯರು ಬಯಸುವ ವೃತ್ತಿ. ಬಯಸುವವರಲ್ಲಿ ಶ್ರೀಮಂತರ ಮಕ್ಕಳಷ್ಟೇ ಅಲ್ಲ, ಶಾಲಾ ಉಪಾಧ್ಯಾಯರ, ಅಂಗಡಿಕಾರರ, ರೈತರ ಮಕ್ಕಳೂ ಇದ್ದಾರೆ. ಹೊಲವನ್ನು ಅಡವಿಟ್ಟು ಮಗಳನ್ನು ಹಾರಾಟದ ಶಾಲೆಗೆ ಸೇರಿಸುವ ತಂದೆಯ ಪಾಲಿಗೆ ಈ ಆಯ್ಕೆ ಹವ್ಯಾಸದ ಮಾತಲ್ಲ. ಒಂದು ಹೆಜ್ಜೆ ತಪ್ಪಿದರೆ ಹೊಲವೂ ಹೋದೀತು, ವೃತ್ತಿಯೂ ಕೈಗೆ ಬಾರದೆ ಉಳಿದೀತು. ಆದುದರಿಂದ ಈ ಹಾದಿಯಲ್ಲಿ ಯಾವ ಹೆಜ್ಜೆಯ ಹಿಂದೆ ಯಾವ ಹೆಜ್ಜೆ ಬರಬೇಕೆಂಬುದನ್ನು ಮೊದಲೇ ತಿಳಿದುಕೊಳ್ಳುವುದು ಅವಶ್ಯಕ.

ಮೊತ್ತಮೊದಲ ಹೆಜ್ಜೆ ವಿಮಾನ ನಿಲ್ದಾಣದಲ್ಲಿಲ್ಲ, ವೈದ್ಯರ ಬಳಿಯಿದೆ. ವಾಣಿಜ್ಯ ವಿಮಾನ ಚಾಲಕನಾಗುವವನು ಒಂದನೆಯ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಲೇಬೇಕು. ಅದಕ್ಕೆ ಮೊದಲು ಎರಡನೆಯ ದರ್ಜೆಯ ಪರೀಕ್ಷೆಯೊಂದುಂಟು. ಕಣ್ಣು, ಕಿವಿ, ಹೃದಯ, ರಕ್ತ, ನರಮಂಡಲ ಎಲ್ಲವನ್ನೂ ಇಲ್ಲಿ ಶೋಧಿಸುತ್ತಾರೆ. ವಿಮಾನಯಾನಕ್ಕೆ ಸಂಬಂಧಪಟ್ಟ ವೈದ್ಯಶಾಸ್ತ್ರಕ್ಕೆಂದೇ ವಾಯುಪಡೆಯ ಸಂಸ್ಥೆಯೊಂದು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕನ್ನಡಕ ಹಾಕಿಕೊಂಡವರಿಗೆ ಈ ವೃತ್ತಿ ದೊರೆಯದು ಎಂಬ ನಂಬಿಕೆ ಇನ್ನೂ ಅನೇಕರಲ್ಲಿದೆ. ಅದು ಸರಿಯಲ್ಲ. ಗೊತ್ತುಪಡಿಸಿದ ಮಿತಿಯೊಳಗೆ ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ಅಡ್ಡಿಯಿಲ್ಲ. ಆದರೆ ಬಣ್ಣಗಳನ್ನು ಗುರುತಿಸಲಾರದ ಕುರುಡು ಮಾತ್ರ ದೊಡ್ಡ ತೊಡಕು.

ಬಣ್ಣಕ್ಕೆ ಇಷ್ಟೇಕೆ ಮಹತ್ತ್ವ? ರಾತ್ರಿಯ ಆಕಾಶದಲ್ಲಿ ವೈಮಾನಿಕನೊಡನೆ ಮಾತನಾಡುವುದು ಬಣ್ಣಗಳೇ. ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲರೆಕ್ಕೆಯ ತುದಿಯಲ್ಲಿ ಹಸುರು ದೀಪ ಇರುತ್ತದೆ. ಎದುರಿಗಿರುವ ವಿಮಾನದ ಕೆಂಪು ಹಸುರು ಎರಡೂ ಒಟ್ಟಿಗೆ ಕಂಡರೆ ಅದು ನೇರವಾಗಿ ನಮ್ಮತ್ತಲೇ ಬರುತ್ತಿದೆಯೆಂದು ಅರ್ಥ. ಇಳಿದಾಣದ ಓಡುದಾರಿ ಆರಂಭವಾಗುವೆಡೆ ಹಸುರು ದೀಪಗಳು, ಮುಗಿಯುವೆಡೆ ಕೆಂಪು ದೀಪಗಳು ಸಾಲಾಗಿರುತ್ತವೆ. ಓಡುದಾರಿಯ ಪಕ್ಕದಲ್ಲಿ ನಾಲ್ಕು ದೀಪಗಳ ಒಂದು ಸಾಲುಂಟು. ಇಳಿಯುತ್ತಿರುವ ವೈಮಾನಿಕನಿಗೆ ಎರಡು ಬಿಳಿ, ಎರಡು ಕೆಂಪು ಕಂಡರೆ ಅವನ ಇಳಿಜಾರು ಸರಿಯಾಗಿದೆ. ನಾಲ್ಕೂ ಬಿಳಿಯಾದರೆ ಅವನು ಬಹಳ ಮೇಲಿದ್ದಾನೆ. ನಾಲ್ಕೂ ಕೆಂಪಾದರೆ ಅಪಾಯಕರವಾಗಿ ಕೆಳಗಿದ್ದಾನೆ. ನೂರಾರು ಜನರ ಪ್ರಾಣ ಹೊತ್ತವನು ಇವುಗಳ ವ್ಯತ್ಯಾಸವನ್ನು ಊಹೆಯಿಂದ ತಿಳಿದರೆ ಸಾಲದು.

ಇಷ್ಟಾಗಿಯೂ ಮೊದಲು ಶುಲ್ಕ ಕಟ್ಟಿ, ತರಬೇತಿಗೆ ಸೇರಿ, ಆಮೇಲೆ ವೈದ್ಯಕೀಯ ಪರೀಕ್ಷೆಗೆ ಹೋಗುವ ಅಭ್ಯರ್ಥಿಗಳಿದ್ದಾರೆ. ಪರೀಕ್ಷೆಯಲ್ಲಿ ದೋಷವೊಂದು ಹೊರಬಿದ್ದರೆ ಕಟ್ಟಿದ ಹಣವೆಲ್ಲ ಹಿಂದಿರುಗುವುದೆಂಬ ಭರವಸೆಯಿಲ್ಲ. ಪರೀಕ್ಷೆಗೆ ತಗಲುವ ವೆಚ್ಚ ತರಬೇತಿಯ ವೆಚ್ಚದ ಮುಂದೆ ಅತ್ಯಲ್ಪ. ಬಿತ್ತುವ ಮುನ್ನ ಮಣ್ಣನ್ನು ನೋಡುವ ರೈತನ ಮಗನಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಇನ್ನು ವಿದ್ಯೆಯ ಮಾತು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಓದಿರಬೇಕೆಂಬ ನಿಯಮ ಬಹುಕಾಲ ನಡೆದು ಬಂದಿತು. ಅದನ್ನು ಸಡಿಲಿಸಬೇಕೆಂಬ ಪ್ರಸ್ತಾಪ 2025ರಲ್ಲಿ ಕೇಳಿಬಂದಿತು. ಆದುದರಿಂದ ಅರ್ಜಿ ಹಾಕುವ ಹೊತ್ತಿಗೆ ಇರುವ ನಿಯಮವನ್ನು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದಿಂದಲೇ ತಿಳಿದುಕೊಳ್ಳುವುದು ಲೇಸು. ನಿಯಮ ಏನೇ ಇರಲಿ, ಗಣಿತಕ್ಕೆ ಹೆದರುವವನಿಗೆ ಆಕಾಶ ದಾರಿ ಬಿಡದು. ಒಂದು ಉದಾಹರಣೆಯನ್ನು ನೋಡೋಣ.

ಬೆಂಗಳೂರಿನ ಜಕ್ಕೂರಿನಿಂದ ಮೈಸೂರಿನ ವಿಮಾನ ನಿಲ್ದಾಣ ನೇರ ಗೆರೆಯಲ್ಲಿ ಸುಮಾರು 75 ನಾಟಿಕಲ್ ಮೈಲಿಗಳ ದೂರದಲ್ಲಿ, ನೈಋತ್ಯ ದಿಕ್ಕಿನಲ್ಲಿದೆ. ಒಂದು ನಾಟಿಕಲ್ ಮೈಲಿಯೆಂದರೆ 1.852 ಕಿಲೋಮೀಟರು. ಗಂಟೆಗೆ 100 ನಾಟಿಕಲ್ ಮೈಲಿ ಹೋಗುವ ತರಬೇತಿಯ ವಿಮಾನಕ್ಕೆ ಇದು 45 ನಿಮಿಷದ ಹಾದಿ. ಈಗ ಬಲಗಡೆಯಿಂದ ಗಂಟೆಗೆ 20 ನಾಟಿಕಲ್ ಮೈಲಿ ವೇಗದ ಅಡ್ಡಗಾಳಿ ಬೀಸುತ್ತಿದೆಯೆಂದುಕೊಳ್ಳಿ. ವಿದ್ಯಾರ್ಥಿ ಮೂತಿಯನ್ನು ಮೈಸೂರಿನತ್ತಲೇ ಇಟ್ಟುಕೊಂಡು ಹಾರಿದರೆ ಗಾಳಿ ಅವನನ್ನು ಆ 45 ನಿಮಿಷಗಳಲ್ಲಿ 15 ನಾಟಿಕಲ್ ಮೈಲಿ, ಅಂದರೆ ಸುಮಾರು 28 ಕಿಲೋಮೀಟರು ಎಡಕ್ಕೆ ತಳ್ಳಿರುತ್ತದೆ. ಮೈಸೂರು ಸಿಕ್ಕಬೇಕಾದ ಹೊತ್ತಿಗೆ ಅವನ ಕೆಳಗೆ ನಂಜನಗೂಡಿನ ಆಚೆಯ ಹೊಲಗಳಿರುತ್ತವೆ. ಮೂತಿಯನ್ನು ಹನ್ನೊಂದೂವರೆ ಡಿಗ್ರಿಯಷ್ಟು ಗಾಳಿಯ ಕಡೆಗೆ ತಿರುಗಿಸಿ ಹಾರಿದವನು ಮಾತ್ರ ಗುರಿಯನ್ನು ಮುಟ್ಟುತ್ತಾನೆ. ಹರಿಗೋಲಿನಲ್ಲಿ ಹೊಳೆ ದಾಟುವ ಅಂಬಿಗನು ಸೆಳವನ್ನು ನೋಡಿ ಮೇಲ್ಮುಖವಾಗಿ ಹುಟ್ಟು ಹಾಕುವುದೂ ಇದೇ ತತ್ತ್ವದಿಂದ. ಅಂಬಿಗನಿಗೆ ಅನುಭವವೇ ಲೆಕ್ಕ. ವೈಮಾನಿಕನು ಹೊರಡುವ ಮುನ್ನವೇ ಕಾಗದದ ಮೇಲೆ ಲೆಕ್ಕ ಹಾಕಿರಬೇಕು.

ಮಾರ್ಗನಿರ್ಣಯ, ಹವಾಮಾನಶಾಸ್ತ್ರ, ವಿಮಾನಯಾನದ ನಿಯಮಗಳು, ವಿಮಾನ ಮತ್ತು ಎಂಜಿನ್ನಿನ ತಾಂತ್ರಿಕ ವಿಷಯಗಳು, ಇವುಗಳಲ್ಲಿ ಲಿಖಿತ ಪರೀಕ್ಷೆಗಳಿವೆ. ಪ್ರತಿಯೊಂದರಲ್ಲಿಯೂ ನೂರಕ್ಕೆ 70 ಅಂಕಗಳು ಬರಬೇಕು. ರೇಡಿಯೋ ದೂರವಾಣಿಯನ್ನು ಬಳಸಲು ಬೇರೆಯೇ ಪರವಾನಗಿ ಬೇಕು. ಇವುಗಳಲ್ಲಿ ಆದಷ್ಟನ್ನು ಹಾರಾಟ ಆರಂಭವಾಗುವ ಮುನ್ನವೇ ಮುಗಿಸಿಕೊಂಡವರು ಜಾಣರು. ಓದಿಗೆ ಹೆಚ್ಚು ಹಣ ಬೇಡ. ಹಾರಾಟದ ಪ್ರತಿ ಗಂಟೆಗೂ ಹಣ ಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಭಯ ಸಹಜವಾದುದು. ಆಕಾಶದ ಸಂಭಾಷಣೆಗೆ ಬೇಕಾದುದು ಪಾಂಡಿತ್ಯವಲ್ಲ, ಖಚಿತತೆ. 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ದಟ್ಟವಾದ ಮಂಜಿನ ನಡುವೆ ಎರಡು ಬೃಹದ್ವಿಮಾನಗಳು ನೆಲದ ಮೇಲೆಯೇ ಡಿಕ್ಕಿ ಹೊಡೆದು 583 ಮಂದಿ ಮಡಿದರು. ಇನ್ನೊಂದು ವಿಮಾನ ಓಡುದಾರಿಯ ಮೇಲಿದ್ದಾಗಲೇ ಒಂದು ವಿಮಾನದ ಚಾಲಕನು ಮೇಲೇರಲು ಓಡಿಸಿದ. ಅನುಮತಿ ದೊರೆತಿದೆಯೇ ಇಲ್ಲವೇ ಎಂಬ ವಿಷಯದಲ್ಲಿ ಗೋಪುರಕ್ಕೂ ವಿಮಾನಕ್ಕೂ ನಡೆದ ಮಾತು ಅಸ್ಪಷ್ಟವಾಗಿದ್ದುದು ದುರಂತದ ಮುಖ್ಯ ಕಾರಣಗಳಲ್ಲೊಂದು. ಆ ಬಳಿಕ ರೇಡಿಯೋದಲ್ಲಿ ಆಡುವ ಮಾತುಗಳನ್ನು ಇನ್ನಷ್ಟು ಬಿಗಿಗೊಳಿಸಿದರು. ಕೇಳಿದ ಸೂಚನೆಯನ್ನು ಹಾಗೆಯೇ ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದು ಇಂದು ವೈಮಾನಿಕರ ನಿತ್ಯದ ಪದ್ಧತಿ. ಇಂತಹ ಮಿತವಾದ, ಗೊತ್ತಾದ ನುಡಿಗಟ್ಟುಗಳನ್ನು ಹಳ್ಳಿಯ ಶಾಲೆಯಿಂದ ಬಂದವರೂ ಅಭ್ಯಾಸಬಲದಿಂದ ಕಲಿಯಬಲ್ಲರು. ಅರ್ಥವಾಗದಿದ್ದಾಗ ಮತ್ತೊಮ್ಮೆ ಹೇಳಿ ಎಂದು ಕೇಳಲು ನಾಚುವವನು ಮಾತ್ರ ಈ ವೃತ್ತಿಗೆ ತಕ್ಕವನಲ್ಲ.

ಮುಂದಿನದು ಶಾಲೆಯ ಆಯ್ಕೆ. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. 1949ರಲ್ಲಿ ಅಲ್ಲಿಂದ ತರಬೇತಿ ಮುಗಿಸಿ ಹೊರಬಂದ ಮೊದಲಿಗರಲ್ಲಿ ಉಷಾ ಸುಂದರಂ ಎಂಬ ತರುಣಿಯಿದ್ದರು. ಅವರೂ ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಅವರೂ ಕೂಡಿ ಇಂಗ್ಲೆಂಡಿನಿಂದ ಮುಂಬಯಿಗೆ ಡವ್ ಎಂಬ ವಿಮಾನವನ್ನು 27 ಗಂಟೆಗಳಲ್ಲಿ ತಂದು ಹೆಸರಾದರು. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಿದೆ. ಅದು 1985ರಲ್ಲಿ ಸ್ಥಾಪಿತವಾದುದು, ಪ್ರವೇಶ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತದೆ. ಇವಲ್ಲದೆ ದೇಶದಲ್ಲಿ ಅನೇಕ ಖಾಸಗಿ ಶಾಲೆಗಳಿವೆ. ವಿದೇಶಗಳಿಗೆ ಹೋಗಿ ಕಲಿತು ಬರುವವರೂ ಉಂಟು. ಹಾಗೆ ಬಂದವರು ತಮ್ಮ ವಿದೇಶಿ ಪರವಾನಗಿಯನ್ನು ಭಾರತದ ಪರವಾನಗಿಯಾಗಿ ಪರಿವರ್ತಿಸಿಕೊಳ್ಳಬೇಕು. ಇಲ್ಲಿನ ಪರೀಕ್ಷೆಗಳನ್ನೂ ಬರೆಯಬೇಕು. ಅಲ್ಲಿ ಬೇಗ ಮುಗಿಯಿತೆಂಬ ಸಂತೋಷದಲ್ಲಿ ಈ ಎರಡನೆಯ ಘಟ್ಟವನ್ನು ಮರೆತವರು ಊರಿಗೆ ಬಂದ ಮೇಲೆ ಬಹಳ ತಿಂಗಳು ಕಾಯಬೇಕಾಗುತ್ತದೆ.

ಶಾಲೆಯನ್ನು ನೋಡಲು ಹೋದಾಗ ಕಟ್ಟಡವನ್ನೂ ಸಮವಸ್ತ್ರವನ್ನೂ ನೋಡಿ ಮರುಳಾಗಬಾರದು. ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ? ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು? ಅವುಗಳಿಗೆ ವಿದ್ಯಾರ್ಥಿಗಳೆಷ್ಟು, ಶಿಕ್ಷಕರೆಷ್ಟು? ಕಳೆದ ತಂಡದವರು 200 ಗಂಟೆಗಳನ್ನು ಮುಗಿಸಲು ನಿಜವಾಗಿ ಎಷ್ಟು ತಿಂಗಳು ಹಿಡಿಯಿತು? ಈ ಕೊನೆಯ ಪ್ರಶ್ನೆಯನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಮರದ ನೆರಳಿನಲ್ಲಿ ತಮ್ಮ ಸರದಿಗಾಗಿ ಕಾದು ಕುಳಿತಿರುವ ವಿದ್ಯಾರ್ಥಿಗಳನ್ನು ಕೇಳುವುದು ಉತ್ತಮ. ಒಂದೂವರೆ ವರ್ಷವೆಂದು ಹೇಳಿದ ತರಬೇತಿ ಮೂರು ವರ್ಷಕ್ಕೆ ಎಳೆದರೆ ವಸತಿ ಊಟಗಳ ವೆಚ್ಚವೂ ಸಾಲದ ಬಡ್ಡಿಯೂ ಜೊತೆಜೊತೆಗೆ ಬೆಳೆಯುತ್ತವೆ. ತರಬೇತಿಯ ಒಟ್ಟು ವೆಚ್ಚ ಇಂದು ಸಾಮಾನ್ಯವಾಗಿ 40 ಲಕ್ಷ ರೂಪಾಯಿಗಳನ್ನು ಮೀರುತ್ತದೆಯಾದ ಕಾರಣ ಬಡ್ಡಿಯೇ ಒಂದು ಸಂಸಾರದ ಆದಾಯವನ್ನು ನುಂಗಬಲ್ಲುದು.

ಊರಿನ ಹವೆಯನ್ನೂ ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಬಿಸಿಲೇರಿದಾಗ ಇನ್ನೂ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಮೆ, ಎಂಜಿನ್ನಿಗೂ ಶಕ್ತಿ ಕಡಮೆ. ಆದುದರಿಂದ ಬೇಸಿಗೆಯ ಮಧ್ಯಾಹ್ನ ಅದೇ ವಿಮಾನ ಮೇಲೇರಲು ಓಡುದಾರಿಯಲ್ಲಿ ಹೆಚ್ಚು ದೂರ ಓಡಬೇಕಾಗುತ್ತದೆ. ಹಾರಾಟದ ಶಾಲೆಗಳಲ್ಲಿ ಕೋಳಿ ಕೂಗುವ ಹೊತ್ತಿಗೇ ಸಿದ್ಧತೆ ನಡೆಯುವುದು ಕೇವಲ ಶಿಸ್ತಿಗಾಗಿ ಅಲ್ಲ.

ಮೇಲೆ ಹೇಳಿದ 200 ಗಂಟೆಗಳೆಂದರೆ ಏನು? ವಾಣಿಜ್ಯ ಪರವಾನಗಿಗೆ ಕನಿಷ್ಠ ವಯಸ್ಸು 18 ವರ್ಷ, ಕನಿಷ್ಠ ಹಾರಾಟ 200 ಗಂಟೆ. ಇದರಲ್ಲಿ 100 ಗಂಟೆಗಳ ಕಾಲ ವಿಮಾನದ ಪೂರ್ಣ ಹೊಣೆ ವಿದ್ಯಾರ್ಥಿಯದೇ ಆಗಿರಬೇಕು. 300 ನಾಟಿಕಲ್ ಮೈಲಿಗಳಿಗೆ ಕಡಮೆಯಿಲ್ಲದ ಒಂದು ದೂರಪ್ರಯಾಣದಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಬರಬೇಕು. ರಾತ್ರಿಯ ಹಾರಾಟವೂ, ಹೊರಗೆ ನೋಡದೆ ಉಪಕರಣಗಳನ್ನು ಮಾತ್ರ ನೋಡಿಕೊಂಡು ಮಾಡುವ ಹಾರಾಟವೂ ಇವೆ.

ಉಪಕರಣಗಳ ಹಾರಾಟವೇ ಬಹುಶಃ ಈ ವಿದ್ಯೆಯ ಅತಿ ವಿಚಿತ್ರವಾದ ಪಾಠ. ನಮ್ಮ ಒಳಗಿವಿಯಲ್ಲಿರುವ ದ್ರವವು ದೇಹದ ತಿರುಗುವಿಕೆಯನ್ನು ಮಿದುಳಿಗೆ ತಿಳಿಸುತ್ತದೆ. ಮೋಡದೊಳಗೆ ವಿಮಾನ ನಿಧಾನವಾಗಿ ಒಂದೇ ಸಮನೆ ಎಡಕ್ಕೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ಆ ದ್ರವವೂ ಅದೇ ವೇಗದಲ್ಲಿ ಹರಿದು, ನೇರವಾಗಿಯೇ ಹೋಗುತ್ತಿದ್ದೇನೆ ಎಂಬ ಭಾವ ಬರುತ್ತದೆ. ಆಗ ವಿಮಾನವನ್ನು ನಿಜವಾಗಿಯೂ ನೇರ ಮಾಡಿದರೆ ಬಲಕ್ಕೆ ತಿರುಗುತ್ತಿರುವಂತೆ ಅನಿಸುತ್ತದೆ. ದೇಹದ ಮಾತನ್ನು ನಂಬಿದವನು ಮತ್ತೆ ಎಡಕ್ಕೆ ವಾಲಿ ಸುರುಳಿಯಾಗಿ ಕೆಳಗಿಳಿದುಬಿಡಬಹುದು. ಹುಟ್ಟಿದಂದಿನಿಂದ ನಂಬಿದ ತನ್ನ ಇಂದ್ರಿಯಗಳು ಒಂದು ಹೇಳುತ್ತಿರುವಾಗ ಎದುರಿಗಿರುವ ಮುಳ್ಳು ಇನ್ನೊಂದನ್ನು ಹೇಳಿದರೆ ಮುಳ್ಳನ್ನೇ ನಂಬಬೇಕು! ಇದನ್ನು ಮಾತಿನಿಂದ ಕಲಿಸಲಾಗದು. ಗಂಟೆಗಟ್ಟಲೆ ಅಭ್ಯಾಸದಿಂದಲೇ ಬರಬೇಕು. ಹಾರಿದ ಗಂಟೆಗಳನ್ನು ದಾಖಲಿಸುವ ಪುಸ್ತಕದಲ್ಲಿ ಹಾರದ ಗಂಟೆಯನ್ನು ಬರೆದುಕೊಳ್ಳುವುದು ಏಕೆ ಘೋರವಾದ ಅಪರಾಧವೆಂಬುದು ಇದರಿಂದ ತಿಳಿಯುತ್ತದೆ. 2011ರಲ್ಲಿ ನಕಲಿ ದಾಖಲೆಗಳಿಂದ ಪರವಾನಗಿ ಪಡೆದ ಕೆಲವರು ನಮ್ಮ ದೇಶದಲ್ಲಿ ಬಂಧಿತರಾದರು. ಅವರು ಮೋಸಗೊಳಿಸಿದ್ದು ಸರ್ಕಾರವನ್ನು ಮಾತ್ರವಲ್ಲ, ತಮ್ಮ ಹಿಂದೆ ಕುಳಿತ ಪ್ರಯಾಣಿಕರನ್ನು.

ಪರವಾನಗಿ ಕೈಗೆ ಬಂದ ದಿನ ಮನೆಯಲ್ಲಿ ಹಬ್ಬ. ಆದರೆ ಪರವಾನಗಿಯೇ ಉದ್ಯೋಗವಲ್ಲ. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಮೆಯೇ. ತರಬೇತಿ ಪಡೆದ ಪುಟ್ಟ ವಿಮಾನಕ್ಕೂ 180 ಜನರನ್ನು ಹೊತ್ತೊಯ್ಯುವ ಜೆಟ್ ವಿಮಾನಕ್ಕೂ ಎತ್ತಿನ ಗಾಡಿಗೂ ರೈಲಿಗೂ ಇರುವಷ್ಟು ಅಂತರವಿದೆ. ಆ ಜಾತಿಯ ವಿಮಾನಕ್ಕೆಂದೇ ಪ್ರತ್ಯೇಕ ತರಬೇತಿ ಪಡೆದು ಪರವಾನಗಿಯಲ್ಲಿ ನಮೂದಿಸಿಕೊಳ್ಳಬೇಕು. ಅದಕ್ಕೆ ಮತ್ತೆ ಲಕ್ಷಗಟ್ಟಲೆ ಹಣ. ಯಾವ ಸಂಸ್ಥೆ ಕೆಲಸ ಕೊಡುವುದೆಂಬುದು ಗೊತ್ತಾಗುವ ಮೊದಲೇ ಒಂದು ಬಗೆಯ ವಿಮಾನವನ್ನು ಆರಿಸಿ ಈ ತರಬೇತಿಗೆ ಹಣ ಸುರಿಯುವುದು ಜೂಜಿಗೆ ಸಮಾನವೆಂದು ಹೇಳಬೇಕಾಗುತ್ತದೆ.

ವಿಮಾನ ಸಂಸ್ಥೆಗಳ ನೇಮಕಾತಿ ಕೆರೆಯ ನೀರಿನಂತೆ ಏರಿಳಿಯುತ್ತದೆ. ಕಿಂಗ್‌ಫಿಷರ್ ಸಂಸ್ಥೆ 2012ರಲ್ಲಿಯೂ ಜೆಟ್ ಏರ್‌ವೇಸ್ 2019ರಲ್ಲಿಯೂ ಹಾರಾಟ ನಿಲ್ಲಿಸಿದಾಗ ಅನುಭವಿಗಳಾದ ಚಾಲಕರೇ ಕೆಲಸ ಹುಡುಕಬೇಕಾಯಿತು, ಹೊಸಬರನ್ನು ಕೇಳುವವರಿರಲಿಲ್ಲ. 2020ರಲ್ಲಿ ಕೋವಿಡ್ ವ್ಯಾಧಿ ಹಬ್ಬಿ ಎರಡು ತಿಂಗಳ ಕಾಲ ದೇಶದೊಳಗಿನ ಪ್ರಯಾಣಿಕ ವಿಮಾನಗಳೇ ನಿಂತುಹೋದವು. ಮೂರೇ ವರ್ಷಗಳ ಬಳಿಕ, 2023ರಲ್ಲಿ, ಏರ್ ಇಂಡಿಯಾ 470 ವಿಮಾನಗಳನ್ನೂ ಇಂಡಿಗೋ 500 ವಿಮಾನಗಳನ್ನೂ ಕೊಳ್ಳುವುದಾಗಿ ಸಾರಿದಾಗ ಚಾಲಕರು ಸಾಲರೆಂಬ ಕೂಗೆದ್ದಿತು. ತರಬೇತಿಗೆ ಸೇರುವಾಗಿನ ಮಾರುಕಟ್ಟೆ ಮುಗಿಸುವಾಗ ಇರುವುದೆಂದು ನಂಬುವಂತಿಲ್ಲ. ಕಾಯಬೇಕಾಗಿ ಬರುವ ಒಂದೆರಡು ವರ್ಷಗಳಿಗೆ ಹಣವನ್ನೂ, ಕೈಯಲ್ಲಿ ಬೇರೊಂದು ಪದವಿಯನ್ನೂ ಇಟ್ಟುಕೊಂಡವರು ಆ ಕಾಲವನ್ನು ಧೈರ್ಯದಿಂದ ದಾಟುತ್ತಾರೆ.

ಕೆಲವು ವಿಮಾನ ಸಂಸ್ಥೆಗಳು ತಾವೇ ಅಭ್ಯರ್ಥಿಗಳನ್ನು ಆರಂಭದಲ್ಲಿಯೇ ಆರಿಸಿ, ಗೊತ್ತಾದ ಶಾಲೆಗಳಲ್ಲಿ ತರಬೇತಿ ಕೊಡಿಸುವ ಯೋಜನೆಗಳನ್ನು ನಡೆಸುತ್ತವೆ. ಈ ಹಾದಿಯಲ್ಲಿ ಅನಿಶ್ಚಯ ಕಡಮೆ, ವೆಚ್ಚ ಹೆಚ್ಚು. ಸಹಿ ಹಾಕುವ ಮುನ್ನ ಕರಾರಿನಲ್ಲಿ ಉದ್ಯೋಗದ ವಿಷಯವಾಗಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದನ್ನು ತಿಳಿದವರಿಂದ ಓದಿಸಿಕೊಳ್ಳಬೇಕು. ಹಣವಿಲ್ಲದ, ಆದರೆ ಮನೋಬಲವುಳ್ಳ ವಿದ್ಯಾರ್ಥಿಗೆ ವಾಯುಪಡೆಯ ಬಾಗಿಲಿದೆ. ಅಲ್ಲಿ ಆಯ್ಕೆ ಕಠಿಣ, ತರಬೇತಿಯ ವೆಚ್ಚ ಸರ್ಕಾರದ್ದು. ಆದರೆ ಅದು ದೇಶರಕ್ಷಣೆಯ ಕೆಲಸ; ಮುಂದೆ ನಾಗರಿಕ ವಿಮಾನಕ್ಕೆ ಹೋಗುವ ಸುಲಭದ ಏಣಿಯೆಂದು ಅದನ್ನು ಹತ್ತಬಾರದು.

ಮತ್ತೊಂದು ಹಾದಿ, ತಾನು ಕಲಿತುದನ್ನು ಇತರರಿಗೆ ಕಲಿಸುವ ಶಿಕ್ಷಕನ ಹಾದಿ. ಬೇಗನೆ ಜೆಟ್ ವಿಮಾನವನ್ನೇರುವ ಆತುರದಲ್ಲಿ ಇದನ್ನು ಕೀಳೆಂದು ಕಾಣುವವರುಂಟು. ನನಗಂತೂ ಇದು ಹಾಗೆ ಕಾಣುವುದಿಲ್ಲ. ಶಿಷ್ಯನು ತಪ್ಪುಮಾಡುವವರೆಗೆ ಕೈಕಟ್ಟಿ ಕುಳಿತು, ತಪ್ಪು ಅಪಾಯವಾಗುವ ಮುನ್ನ ಕೈಹಾಕುವುದು ಹಾರಾಟದ ಅತ್ಯಂತ ಸೂಕ್ಷ್ಮವಾದ ಕಲೆ. ಗಂಟೆಗಳೂ ಬೆಳೆಯುತ್ತವೆ, ಸಂಬಳವೂ ಬರುತ್ತದೆ. ಬಾಡಿಗೆಯ ಸಣ್ಣ ವಿಮಾನಗಳು, ರೋಗಿಗಳನ್ನು ಸಾಗಿಸುವ ವಿಮಾನಗಳು, ಸಮುದ್ರದ ತೈಲಕೇಂದ್ರಗಳಿಗೆ ಹೋಗಿಬರುವ ಹೆಲಿಕಾಪ್ಟರುಗಳು ಇವೂ ಇವೆ. ಹೆಲಿಕಾಪ್ಟರಿನ ಪರವಾನಗಿ ಮಾತ್ರ ಬೇರೆಯದು.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು. 1940ರ ದಶಕದಲ್ಲಿ ವಾಣಿಜ್ಯ ಪರವಾನಗಿ ಪಡೆದ ಪ್ರೇಮ್ ಮಾಥುರ್ ಅವರಿಗೆ ಹಲವು ಸಂಸ್ಥೆಗಳು ಹೆಂಗಸೆಂಬ ಕಾರಣದಿಂದ ಕೆಲಸ ಕೊಡಲಿಲ್ಲ. ಕೊನೆಗೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕೊಟ್ಟಿತು. ಇಂದು ಭಾರತದ ವಿಮಾನ ಚಾಲಕರಲ್ಲಿ ಮಹಿಳೆಯರ ಪ್ರಮಾಣ ನೂರಕ್ಕೆ ಸುಮಾರು 15. ಜಗತ್ತಿನ ಸರಾಸರಿಗೆ ಹೋಲಿಸಿದರೆ ಇದು ಎಷ್ಟೋ ಪಾಲು ಹೆಚ್ಚು.

ಕೆಲಸ ದೊರೆತ ಹೊಸಬನು ಚಾಲಕಕೊಠಡಿಯ ಬಲಗಡೆಯ ಆಸನದಲ್ಲಿ ಸಹಚಾಲಕನಾಗಿ ಕುಳಿತುಕೊಳ್ಳುತ್ತಾನೆ. ಎಡಗಡೆಯ ಆಸನ ಕ್ಯಾಪ್ಟನ್ನರದು. ಅಲ್ಲಿಗೆ ಸರಿಯಲು 1500 ಗಂಟೆಗಳ ಹಾರಾಟದ ಮೇಲೆ ದೊರೆಯುವ ಮತ್ತೊಂದು ಪರವಾನಗಿ ಬೇಕು, ವರ್ಷಗಳ ಅನುಭವ ಬೇಕು. ಸರಿದ ಮೇಲೂ ಪರೀಕ್ಷೆಗಳು ಮುಗಿಯುವುದಿಲ್ಲ. ಗೊತ್ತಾದ ಅವಧಿಗೊಮ್ಮೆ ವೈದ್ಯರ ಮುಂದೆ ನಿಲ್ಲಬೇಕು. ವರ್ಷದಲ್ಲಿ ಎರಡಾವರ್ತಿ, ವಿಮಾನದ ಚಾಲಕಕೊಠಡಿಯನ್ನೇ ಹೋಲುವ, ನೆಲದ ಮೇಲೆಯೇ ಅಲುಗಾಡುವ ಯಂತ್ರದೊಳಗೆ ಕುಳಿತು ತನ್ನ ಯೋಗ್ಯತೆಯನ್ನು ತೋರಿಸಿಕೊಡಬೇಕು. ಓಡುದಾರಿಯಲ್ಲಿ ವೇಗವಾಗಿ ಓಡುತ್ತಿರುವಾಗಲೇ ಪರೀಕ್ಷಕರು ಒಂದು ಎಂಜಿನ್ನನ್ನು ಆರಿಸುತ್ತಾರೆ. ನಿಲ್ಲಿಸಬೇಕೇ, ಏರಬೇಕೇ ಎಂಬುದನ್ನು ಕ್ಷಣಮಾತ್ರದಲ್ಲಿ ನಿರ್ಧರಿಸಬೇಕು. ಮೂವತ್ತು ವರ್ಷ ಹಾರಿದ ಕ್ಯಾಪ್ಟನ್ನರೂ ಆ ದಿನ ಹಿಂದಿನ ರಾತ್ರಿಯೆಲ್ಲ ಕೈಪಿಡಿಯ ಪುಟಗಳನ್ನು ಮಗುಚಿ, ಕಣ್ಣುಜ್ಜಿಕೊಳ್ಳುತ್ತ ಬಂದು, ಪರೀಕ್ಷಕರು ಹೆಸರು ಕರೆಯುವುದನ್ನೇ ಕಾಯುತ್ತ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾರೆ.